ಅಕ್ಕನ ಶಾಲೆ

ಬಡವರ ಮನೆಯಲ್ಲಿ ಒಂದು ಮಗುವನ್ನು ಶಾಲೆ ಬಿಡಿಸಲೇಬೇಕಾಗಿ ಬಂದರೆ ತಾಯಿ ಯಾರನ್ನು ಬಿಡಿಸುತ್ತಾಳೆ? ‘ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್’ ಚಿತ್ರವನ್ನು ಎರಡನೆಯ ಬಾರಿ ನೋಡಿದಾಗ ನನ್ನನ್ನು ಕಾಡಿದ್ದು ಈ ಪ್ರಶ್ನೆಯೇ. ಮೊದಲ ಸಲ ನಾನೂ ಎಲ್ಲರಂತೆ ಹಾಡುವ ತಂದೆಗೆ ಮನಸೋತಿದ್ದೆ.

ಬೆಟಿ ಸ್ಮಿತ್ ಅವರ 1943ರ ಕಾದಂಬರಿಯನ್ನು 1945ರಲ್ಲಿ ತೆರೆಗೆ ತಂದವರು ಎಲಿಯಾ ಕಜಾನ್. ಇದು ಅವರ ಮೊದಲ ಕಥಾಚಿತ್ರ. ಇಸ್ತಾಂಬುಲಿನಲ್ಲಿ ಹುಟ್ಟಿ, ಎಳವೆಯಲ್ಲೇ ಗ್ರೀಕ್ ತಂದೆತಾಯಿಗಳೊಡನೆ ಅಮೆರಿಕ ಸೇರಿದವರು ಅವರು. ಯೂರೋಪಿನಿಂದ ವಲಸೆ ಬಂದವರು ಕಿಕ್ಕಿರಿದಿದ್ದ ನ್ಯೂಯಾರ್ಕಿನ ಬ್ರೂಕ್ಲಿನ್ ವಠಾರಗಳನ್ನು ಅವರು ಕನಿಕರದಿಂದ ನೋಡುವುದಿಲ್ಲ, ಒಳಗಿನವರಾಗಿ ನೋಡುತ್ತಾರೆ.

ಕಾಲ 20ನೆಯ ಶತಮಾನದ ಆರಂಭ. ಫ್ರಾನ್ಸಿಯೂ ನೀಲಿ ಎಂಬ ಅವಳ ತಮ್ಮನೂ ಹಳೆಯ ಗುಜರಿ ಆಯ್ದು ಮಾರಿ, ಬಂದ ಕಾಸಿನಲ್ಲಿ ಒಂದು ಪಾಲನ್ನು ತಗಡಿನ ಡಬ್ಬಿಗೆ ಹಾಕುತ್ತಾರೆ. ಫ್ರಾನ್ಸಿಗೆ ಓದಿನ ಹಸಿವು. ಗ್ರಂಥಾಲಯದ ಪುಸ್ತಕಗಳನ್ನು ಅಕಾರಾದಿಯಾಗಿ ಒಂದೊಂದನ್ನೇ ಮುಗಿಸುವ ಹಟ. ತಂದೆ ಜಾನಿ ಕುಡುಕ, ಮಕ್ಕಳ ಕಣ್ಣಿಗೆ ಮಾತ್ರ ರಾಜಕುಮಾರ. ಮೆಟ್ಟಿಲು ತಿಕ್ಕಿ ಮನೆ ನಡೆಸುವವಳು ತಾಯಿ ಕೇಟಿ.

ಕ್ರಿಸ್ಮಸ್ ಸಮಯ. ಮಾರಾಟವಾಗದೆ ಉಳಿದ ಮರವನ್ನು ವ್ಯಾಪಾರಿ ಮಕ್ಕಳ ಮೇಲೆ ಎಸೆಯುತ್ತಾನೆ. ಬೀಳದೆ ನಿಂತರೆ ಮರ ಅವರದು. ಅಕ್ಕ ತಮ್ಮ ಜೊತೆಯಾಗಿ ಆ ಪೆಟ್ಟನ್ನು ತಡೆದು ನಿಲ್ಲುತ್ತಾರೆ. ಆದರೆ ಮನೆಯೊಳಗಿನ ಲೆಕ್ಕ ಬೇರೆ. ಮತ್ತೊಂದು ಮಗು ಬರಲಿದೆ, ಫ್ರಾನ್ಸಿ ಶಾಲೆ ಬಿಡಬೇಕು ಎನ್ನುತ್ತಾಳೆ ಕೇಟಿ. ಅದನ್ನು ತಾಳಲಾರದ ಜಾನಿ ಕೆಲಸ ಹುಡುಕುತ್ತ ಚಳಿಯಲ್ಲಿ ಅಲೆದು ನ್ಯುಮೋನಿಯಾದಿಂದ ಸಾಯುತ್ತಾನೆ.

ಇಲ್ಲಿ ನನಗೊಂದು ತಕರಾರಿದೆ. ಪರಿಚಯದ ಮದ್ಯದಂಗಡಿಯವನು ಇಬ್ಬರಿಗೂ ಶಾಲೆಯ ನಂತರದ ಕೆಲಸ ಕೊಟ್ಟು ಸಂಕಟ ಪರಿಹರಿಸಿಬಿಡುತ್ತಾನೆ. ಕಾದಂಬರಿಯಲ್ಲಿಯೂ ಅವನು ಬರುತ್ತಾನೆ; ಆದರೆ ಅಲ್ಲಿ ಗಂಡಾಂತರ ತಪ್ಪುವುದಿಲ್ಲ, ಮುಂದೂಡಲ್ಪಡುತ್ತದೆ ಅಷ್ಟೆ. ಕೊನೆಗೆ ಹೈಸ್ಕೂಲಿಗೆ ಹೋಗುವವನು ತಮ್ಮ. ಒತ್ತಾಯಿಸದಿದ್ದರೆ ಅವನು ಓದುವುದಿಲ್ಲ, ಮಗಳಾದರೋ ಹೇಗಾದರೂ ದಾರಿ ಹುಡುಕಿಕೊಳ್ಳುತ್ತಾಳೆ ಎಂಬುದು ತಾಯಿಯ ತರ್ಕ. ಎಷ್ಟು ಕ್ರೂರ, ಎಷ್ಟು ನಿಜ! ಚಿತ್ರ ಅದನ್ನು ತೋರಿಸಲು ಅಂಜಿತು.

ಆದರೆ ಹೆರಿಗೆಯ ನೋವಿನ ದೃಶ್ಯದಲ್ಲಿ ಅದು ಅಂಜಿಲ್ಲ. ಮಗಳು ಬರೆದ ಪ್ರಬಂಧಗಳಲ್ಲಿ ಒಂದನ್ನೂ ತಾನು ಓದಿಲ್ಲವೆಂದು ಕೇಟಿ ಒಪ್ಪಿಕೊಂಡು, ಈಗ ಓದು ಎನ್ನುತ್ತಾಳೆ. ತಮ್ಮನೇ ಅಮ್ಮನಿಗೆ ಹೆಚ್ಚೆಂದು ಒಳಗೇ ಕೊರಗಿದ ಹುಡುಗಿ ಹಾಳೆ ಬಿಡಿಸುತ್ತಾಳೆ. ತಂದೆಯ ಪಾತ್ರಕ್ಕಾಗಿ ಜೇಮ್ಸ್ ಡನ್ ಅವರಿಗೆ ಆಸ್ಕರ್ ಬಂತು. ಫ್ರಾನ್ಸಿಯಾದ ಪೆಗಿ ಆನ್ ಗಾರ್ನರ್‌ಗೆ ಬಾಲನಟಿಯ ವಿಶೇಷ ಪುರಸ್ಕಾರ. ಹಾಸಿಗೆಯ ಮೇಲೆ ಮಲಗಿ ಕೇಳುವ ಡೊರೊತಿ ಮೆಗ್ವಾಯರ್ ಅವರ ಮುಖವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.