ಹಾಡಿನ ಋಣ

ಹಾಡು ಯಾರದು? ಬರೆದವನದೇ, ಮಟ್ಟು ಕಟ್ಟಿದವನದೇ, ಹಾಡಿದವನದೇ, ಅಥವಾ ಎಲ್ಲೋ ಕೇಳಿ ನೆನಪಿನಲ್ಲಿಟ್ಟುಕೊಂಡು ಮುಂದಿನವರಿಗೆ ದಾಟಿಸಿದವನದೇ? ನಮ್ಮ ಹಳೆಯ ನಾಟಕದ ಹಾಡಿನ ಪುಸ್ತಕಗಳನ್ನು ಕಂಡವರಿಗೆ ಒಂದು ಸಂಗತಿ ನೆನಪಿರಬಹುದು. ಹೊಸ ಹಾಡಿನ ಮೇಲ್ಗಡೆ, ಇದು ಇಂಥ ಹಳೆಯ ಹಾಡಿನ ಮಟ್ಟು ಎಂದು ಅಚ್ಚು ಹಾಕಿಸುತ್ತಿದ್ದರು. ಹಾಡುವವನ ಅನುಕೂಲಕ್ಕೆಂದು ಕೊಟ್ಟ ಸೂಚನೆ ಅದು. ಆದರೆ ಒಂದು ಬಗೆಯಲ್ಲಿ ಅದು ಸಾಲಪತ್ರವೂ ಆಗಿತ್ತು. ಪಡೆದದ್ದನ್ನು ಪಡೆದೆನೆಂದು ಒಪ್ಪಿಕೊಳ್ಳುವ ಸೌಜನ್ಯ ಅದರಲ್ಲಿತ್ತು.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅಮೆರಿಕದ ಕೆಲವು ಧ್ವನಿಮುದ್ರಿಕೆಗಳನ್ನು ಕುರಿತು. ಅವುಗಳಲ್ಲಿ ಕೆಲವು ಕಂಟ್ರಿ ಎಂಬ ಹಳ್ಳಿಗಾಡಿನ ಸಂಗೀತಕ್ಕೆ ಸೇರಿದವು, ಕೆಲವು ರಾಕ್ ಸಂಗೀತಕ್ಕೆ, ಇನ್ನು ಕೆಲವು ಇವೆರಡೂ ಕೂಡಿದ ಆಲ್ಟ್-ಕಂಟ್ರಿ ಎಂಬ ಕವಲಿಗೆ. ಹಲವು ವರ್ಷಗಳಿಂದ ಇವನ್ನು ಪ್ರೀತಿಯಿಂದ ಕೇಳುತ್ತ ಬಂದಿದ್ದೇನೆ. ಕನ್ನಡ ಪಾಠ ಹೇಳಿದವನಿಗೆ ಇದೆಂಥ ಹವ್ಯಾಸ ಎಂದು ಮಿತ್ರರು ಕೇಳುವುದುಂಟು. ಸಾಹಿತ್ಯ ಚರಿತ್ರೆಯಲ್ಲಿ ನಾವು ಪರಂಪರೆ ಎಂದು ಕರೆಯುವ ವಸ್ತು ಕೈಯಿಂದ ಕೈಗೆ ಹೇಗೆ ಸಾಗುತ್ತದೆಂಬುದು ಈ ಮುದ್ರಿಕೆಗಳಲ್ಲಿ ಕಿವಿಗೇ ಕೇಳಿಸುತ್ತದೆ ಎಂಬುದೇ ನಾನು ಕೊಡುವ ಉತ್ತರ.

ಕಂಟ್ರಿ ಸಂಗೀತದ ತವರು ಅಮೆರಿಕದ ದಕ್ಷಿಣ ಭಾಗ, ಅದರಲ್ಲಿಯೂ ಅಪಲಾಚಿಯನ್ ಬೆಟ್ಟಸಾಲು. ಬೇಸಾಯಗಾರರು, ಗಣಿಯಲ್ಲಿ ದುಡಿಯುವವರು, ಬಟ್ಟೆ ಗಿರಣಿಯ ಕೆಲಸಗಾರರು ಹಾಡಿಕೊಂಡ ಹಾಡುಗಳು ಇವು. ಇದನ್ನು ಅಚ್ಚ ಬಿಳಿಯರ ಸಂಗೀತವೆಂದು ಹೇಳುವವರು ಅದರ ವಾದ್ಯಗಳ ಕಡೆಗೆ ಒಮ್ಮೆ ನೋಡಿದರೆ ಸಾಕು. ಪಿಟೀಲಿನ ಧಾಟಿ ಸ್ಕಾಟ್ಲೆಂಡ್, ಐರ್ಲೆಂಡುಗಳಿಂದ ವಲಸೆ ಬಂದವರ ಜೊತೆಯಲ್ಲಿ ಬಂತು. ಬ್ಯಾಂಜೋ ಬಂದದ್ದು ಆಫ್ರಿಕದಿಂದ ಗುಲಾಮರನ್ನಾಗಿ ಸಾಗಿಸಲಾದ ಜನರ ನೆನಪಿನಲ್ಲಿ. ಎಳೆದೆಳೆದು ನುಡಿಯುವ ಸ್ಟೀಲ್ ಗಿಟಾರು ಹವಾಯಿ ದ್ವೀಪಗಳದು. ಸಾಗರದಾಚೆಯ ಮೂರು ಸಾಲಗಳು ಒಂದೇ ಜಗಲಿಯ ಮೇಲೆ ಕೂಡಿ ಕುಳಿತಂತೆ ಇದು. ಮುಂದೆ 1950ರ ದಶಕದಲ್ಲಿ ಈ ಸಂಗೀತವೂ ಕರಿಯರ ಬ್ಲೂಸ್ ಸಂಗೀತವೂ ಬೆರೆತು ರಾಕ್ ಹುಟ್ಟುವುದರಲ್ಲಿ ದೊಡ್ಡ ಪಾಲು ಪಡೆದವು.

1927ನೆಯ ಇಸವಿ ಈ ಕಥೆಯಲ್ಲಿ ಮುಖ್ಯವಾದುದು. ಆ ವರ್ಷದ ಜುಲೈ ಕೊನೆಯಲ್ಲಿ ವಿಕ್ಟರ್ ಕಂಪೆನಿಯ ಪರವಾಗಿ ರಾಲ್ಫ್ ಪಿಯರ್ ಎಂಬವರು ಮುದ್ರಣ ಯಂತ್ರಗಳನ್ನು ಹೊತ್ತುಕೊಂಡು ಟೆನೆಸಿ ಮತ್ತು ವರ್ಜೀನಿಯಗಳ ಗಡಿಯಲ್ಲಿರುವ ಬ್ರಿಸ್ಟಲ್ ಎಂಬ ಊರಿಗೆ ಬಂದರು. ಹಿಂದೆ ಟೋಪಿ ಕಂಪೆನಿಯೊಂದಕ್ಕೆ ಸೇರಿದ್ದ ಕಟ್ಟಡವೇ ಅವರ ಸ್ಟುಡಿಯೋ ಆಯಿತು. ಎರಡು ವರ್ಷಗಳ ಹಿಂದಷ್ಟೇ ಬಳಕೆಗೆ ಬಂದಿದ್ದ ವಿದ್ಯುತ್ ಮೈಕ್ರೊಫೋನು ಅವರ ಬಳಿಯಿತ್ತು. ಅದಕ್ಕೆ ಮುಂಚೆ ದೊಡ್ಡ ಕಹಳೆಯೊಂದರ ಬಾಯಿಗೆ ಮುಖವಿಟ್ಟು ಕೂಗಿ ಹಾಡಬೇಕಾಗಿತ್ತು. ಮೆಲುದನಿಯವರಿಗೆ ಗ್ರಾಮಫೋನಿನಲ್ಲಿ ಸ್ಥಳವಿರಲಿಲ್ಲ. ಮೈಕ್ರೊಫೋನು ಬಂದ ಮೇಲೆ ಮನೆಯಲ್ಲಿ ಹಾಡಿಕೊಳ್ಳುವ ದನಿಗೂ ತಟ್ಟೆಯಲ್ಲಿ ಜಾಗ ಸಿಕ್ಕಿತು.

ಆಗಸ್ಟ್ 1ರಂದು ಸುಮಾರು 25 ಮೈಲಿ ದೂರದ ಕಣಿವೆಯಿಂದ ಕಾರ್ಟರ್ ಕುಟುಂಬ ಅಲ್ಲಿಗೆ ಬಂತು. ಎ. ಪಿ. ಕಾರ್ಟರ್, ಅವರ ಹೆಂಡತಿ ಸಾರಾ, ಸಾರಾಳ ಸೋದರಸಂಬಂಧಿಯೂ ಎ. ಪಿ. ಕಾರ್ಟರರ ತಮ್ಮನ ಹೆಂಡತಿಯೂ ಆದ ಮೇಬೆಲ್: ಹೀಗೆ ಮೂವರು. ಮೇಬೆಲ್‌ಗೆ ಆಗ 18 ವರ್ಷ, ತುಂಬು ಗರ್ಭಿಣಿ. ಎರಡು ದಿನಗಳಲ್ಲಿ ಅವರು ಆರು ಹಾಡುಗಳನ್ನು ಹಾಡಿದರು. ಆ ಮುದ್ರಿಕೆಗಳನ್ನು ಇಂದು ಕೇಳುವಾಗಲೂ ಮೊದಲು ಕಿವಿಯನ್ನು ಹಿಡಿಯುವುದು ಮೇಬೆಲ್ ಅವರ ಗಿಟಾರು. ಹೆಬ್ಬೆರಳು ಮಂದ್ರದ ತಂತಿಗಳಲ್ಲಿ ಹಾಡಿನ ರಾಗವನ್ನು ನುಡಿಸುತ್ತದೆ. ಉಳಿದ ಬೆರಳು ಮೇಲಿನ ತಂತಿಗಳನ್ನು ಸವರಿ ತಾಳವನ್ನು ಹಿಡಿದಿರುತ್ತದೆ. ಒಂದೇ ಕೈ ಹಾಡೂ ಆಯಿತು, ಪಕ್ಕವಾದ್ಯವೂ ಆಯಿತು. ಅಲ್ಲಿಂದೀಚೆಗೆ ಗಿಟಾರು ಹಿಡಿದ ಸಾವಿರಾರು ಮಂದಿ ಇದನ್ನು ಕಲಿತಿದ್ದಾರೆ.

ಇನ್ನು ಋಣದ ಮಾತು. ಹಾಡುಗಳಿಗೆ ಬೇಡಿಕೆ ಹೆಚ್ಚಿದಂತೆ ಎ. ಪಿ. ಕಾರ್ಟರ್ ಬೆಟ್ಟದ ಹಳ್ಳಿಗಳಲ್ಲಿ ಅಲೆದು ಹಾಡು ಕೂಡಿಸಲು ತೊಡಗಿದರು. ಪದಗಳನ್ನೇನೋ ಅವರು ಬರೆದುಕೊಳ್ಳುತ್ತಿದ್ದರು. ಮಟ್ಟನ್ನು ನೆನಪಿನಲ್ಲಿ ಹಿಡಿದಿಡುವುದು ಅವರಿಂದ ಆಗುತ್ತಿರಲಿಲ್ಲ. ಆ ಕೆಲಸ ಮಾಡಿದವರು ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರುವಾದಕ. ಸಿಮೆಂಟು ಕಾರ್ಖಾನೆಯ ಅಪಘಾತವೊಂದರಲ್ಲಿ ಅವರು ಒಂದು ಕಾಲನ್ನು ಕಳೆದುಕೊಂಡಿದ್ದರು. ಬಿಳಿಯನೂ ಕರಿಯನೂ ಒಂದೇ ಮೇಜಿಗೆ ಕೂತು ಉಣ್ಣಲಾಗದ ಕಾಲ, ದೇಶ ಅದು. ಅಲ್ಲಿ ಇವರಿಬ್ಬರೂ ಜೊತೆಯಾಗಿ ತಿರುಗಿದರು. ಒಬ್ಬರ ಕಾಗದ, ಇನ್ನೊಬ್ಬರ ಕಿವಿ. ರಿಡಲ್ ಕಾರ್ಟರರ ಮನೆಯಲ್ಲಿ ವಾರಗಟ್ಟಲೆ ಇರುತ್ತಿದ್ದರು. ಅವರ ಕೈಚಳಕವನ್ನು ನೋಡಿ ಮೇಬೆಲ್ ಕೂಡ ಕಲಿತರು. ಆದರೆ ತಟ್ಟೆಯ ಮೇಲೆ ಅಚ್ಚಾದದ್ದು ಎ. ಪಿ. ಕಾರ್ಟರ್ ಎಂಬ ಹೆಸರು. ಹಕ್ಕೂ ಆ ಹೆಸರಿಗೇ ಸೇರಿತು.

1960ರ ದಶಕದಲ್ಲಿ ಗಾಯಕ, ಸಂಗ್ರಾಹಕ ಮೈಕ್ ಸೀಗರ್ ಅವರಿಗೆ ಮೇಬೆಲ್ ತಾವೇ ರಿಡಲ್ ಅವರ ಹೆಸರನ್ನು ಹೇಳಿದರು. ಸೀಗರ್ ಹುಡುಕಿಕೊಂಡು ಹೋದಾಗ ರಿಡಲ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿದ್ದರು. ಗಿಟಾರು ಬಿಟ್ಟು ಎಷ್ಟೋ ಕಾಲವಾಗಿತ್ತು. ಸೀಗರ್ ಅವರ ಒತ್ತಾಯದಿಂದ ಮತ್ತೆ ನುಡಿಸಿದರು, ಹಾಡಿದರು. ಆ ಮುದ್ರಣಗಳು ‘ಸ್ಟೆಪ್ ಬೈ ಸ್ಟೆಪ್’ ಎಂಬ ಹೆಸರಿನಲ್ಲಿ ಹೊರಬಿದ್ದದ್ದು 1993ರಲ್ಲಿ, ರಿಡಲ್ ತೀರಿಕೊಂಡ ಮೇಲೆ. ಕಾರ್ಟರ್ ಕುಟುಂಬದ ತಟ್ಟೆಗಳನ್ನು ಕೇಳಿ ಅನಂತರ ಇದನ್ನು ಕೇಳಬೇಕು. ಹೊಳೆಯನ್ನು ಕಂಡವನಿಗೆ ಅದರ ಒಂದು ಊಟೆಯನ್ನು ಕಂಡಂತಾಗುತ್ತದೆ.

1968ರ ಹೊತ್ತಿಗೆ ಚಿತ್ರ ಬದಲಾಗಿತ್ತು. ಉದ್ದ ಕೂದಲಿನ ರಾಕ್ ತರುಣರು ಒಂದು ಕಡೆ, ಅವರನ್ನು ಕಂಡರಾಗದ ಕಂಟ್ರಿ ಹಿರಿಯರು ಇನ್ನೊಂದು ಕಡೆ. ನಡುವೆ ವಿಯೆಟ್ನಾಂ ಯುದ್ಧ. ಆ ವರ್ಷ ದಿ ಬರ್ಡ್ಸ್ ಎಂಬ ರಾಕ್ ತಂಡ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ ಎಂಬ ಎಲ್.ಪಿ.ಯಲ್ಲಿ ಕಂಟ್ರಿ ಹಾಡುಗಳನ್ನು ಗೇಲಿಯಿಲ್ಲದೆ, ಮನಃಪೂರ್ವಕವಾಗಿ ಹಾಡಿತು. ಅದಕ್ಕೆ ಪ್ರೇರಣೆಯಾದ ತರುಣ ಗ್ರ್ಯಾಮ್ ಪಾರ್ಸನ್ಸ್ 1973ರಲ್ಲಿ, ಕೇವಲ 26ರ ಹರೆಯದಲ್ಲಿ ತೀರಿಕೊಂಡರು. ಮರುವರ್ಷ ಹೊರಬಂದ ‘ಗ್ರೀವಸ್ ಏಂಜೆಲ್’ನಲ್ಲಿ ಅವರ ದನಿ ಅಲ್ಲಲ್ಲಿ ಸೋಲುತ್ತದೆ; ಜೊತೆಗೆ ಹಾಡಿರುವ ಎಮಿಲೂ ಹ್ಯಾರಿಸ್ ಅವರ ದನಿ ಆ ಸೋತ ದನಿಯನ್ನು ಕೈಹಿಡಿದು ನಡೆಸುತ್ತದೆ. ಶ್ರುತಿಶುದ್ಧಿಯೊಂದನ್ನೇ ಬಯಸುವ ಕಿವಿಗೆ ಇದು ಹಿಡಿಸಲಾರದು. ನನಗೆ ಅದೇ ಅದರ ಸೊಗಸು.

ಆದರೆ ಎರಡು ಪೀಳಿಗೆಗಳು ಎದುರುಬದುರಾಗಿ ಕೂತದ್ದನ್ನು ಕೇಳಬೇಕಾದರೆ ‘ವಿಲ್ ದಿ ಸರ್ಕಲ್ ಬಿ ಅನ್‌ಬ್ರೋಕನ್’ ಎಂಬ ಮೂರು ತಟ್ಟೆಗಳ ಸಂಪುಟಕ್ಕೇ ಹೋಗಬೇಕು. 1971ರ ಆಗಸ್ಟಿನಲ್ಲಿ ನ್ಯಾಶ್‌ವಿಲ್ ನಗರದ ವುಡ್‌ಲ್ಯಾಂಡ್ ಸ್ಟುಡಿಯೋದಲ್ಲಿ ಮುದ್ರಿತವಾಗಿ 1972ರಲ್ಲಿ ಹೊರಬಂದದ್ದು ಇದು. ನಿಟಿ ಗ್ರಿಟಿ ಡರ್ಟ್ ಬ್ಯಾಂಡ್ ಎಂಬ ಕ್ಯಾಲಿಫೋರ್ನಿಯದ ರಾಕ್ ತರುಣರು, ತಾವು ಯಾರ ತಟ್ಟೆಗಳನ್ನು ಕೇಳಿ ಬೆಳೆದಿದ್ದರೋ ಆ ಹಿರಿಯರನ್ನೇ ಹಾಡಲು ಕರೆದರು. ಮೇಬೆಲ್ ಕಾರ್ಟರ್ ಬಂದರು. ತರುಣರ ವೇಷ ಕಂಡು ಮೊದಲು ಸಂದೇಹಪಟ್ಟಿದ್ದ ರಾಯ್ ಅಕಫ್ ಕೂಡ ಬಂದು ಹಾಡಿದರು. ಹಾಡುಗಳ ನಡುವಣ ಮಾತುಕತೆಯನ್ನೂ ಟೇಪಿನಲ್ಲಿ ಹಿಡಿದಿಟ್ಟದ್ದು ನಮ್ಮ ಭಾಗ್ಯ. ಅದರಲ್ಲೊಂದು ಘಟ್ಟವಿದೆ. ಗಿಟಾರುವಾದಕ ಮರ್ಲ್ ಟ್ರಾವಿಸ್ ಅವರನ್ನು ಅಂಧ ಗಾಯಕ ಡಾಕ್ ವಾಟ್ಸನ್ ಅಲ್ಲಿಯೇ ಮೊದಲ ಬಾರಿಗೆ ಭೇಟಿಯಾಗುತ್ತಾರೆ. ವಾಟ್ಸನ್ ಅವರ ಮಗನ ಹೆಸರೂ ಮರ್ಲ್. ಈ ಮರ್ಲ್ ಮೇಲಿನ ಅಭಿಮಾನದಿಂದ ಇಟ್ಟ ಹೆಸರು. ಗುರುವಿನ ಮುಖ ಕಾಣಲಾಗದ ಶಿಷ್ಯ ಗುರುವಿನ ದನಿಯನ್ನು ಎದುರಿಗೇ ಕೇಳಿ ಸಂಕೋಚಪಡುವ, ಸಂತೋಷಪಡುವ ಆ ಎರಡು ನಿಮಿಷಗಳ ಮಾತು ಯಾವ ಹಾಡಿಗೂ ಕಡಿಮೆಯಲ್ಲ.

ಆಲ್ಟ್-ಕಂಟ್ರಿ ಎಂಬುದು 1990ರ ದಶಕದಲ್ಲಿ ಬಳಕೆಗೆ ಬಂದ ಹೆಸರು. ಕಂಟ್ರಿ ಸಂಗೀತ ಅಷ್ಟರಲ್ಲಿ ನಯನಾಜೂಕಿನ ದೊಡ್ಡ ವ್ಯಾಪಾರವಾಗಿತ್ತು. ಅದಕ್ಕೆ ಬೆನ್ನು ತಿರುಗಿಸಿ ಹಳೆಯ ಬೇರಿನ ಕಡೆಗೆ ಹೋದವರು, ವಿಚಿತ್ರವೆಂದರೆ, ಅಬ್ಬರದ ಪಂಕ್ ರಾಕ್ ನುಡಿಸುತ್ತಿದ್ದ ಹುಡುಗರು. ಇಲಿನಾಯ್ ರಾಜ್ಯದ ಬೆಲ್‌ವಿಲ್ ಎಂಬ ಊರಿನ ಜೇ ಫರಾರ್, ಜೆಫ್ ಟ್ವೀಡಿ, ಮೈಕ್ ಹೈಡಾರ್ನ್ ಎಂಬ ಮೂವರು ಅಂಕಲ್ ಟುಪೆಲೊ ಎಂಬ ತಂಡ ಕಟ್ಟಿದ್ದರು. 1990ರಲ್ಲಿ ಬಂದ ಅವರ ಮೊದಲ ಸಂಪುಟದ ಹೆಸರು ‘ನೋ ಡಿಪ್ರೆಶನ್’. ಕಾರ್ಟರ್ ಕುಟುಂಬ 1936ರಲ್ಲಿ ಮುದ್ರಿಸಿದ್ದ ಭಕ್ತಿಗೀತೆಯ ಹೆಸರದು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ, ಪರಲೋಕದಲ್ಲಿಯಾದರೂ ಈ ಬವಣೆ ಇರದೆಂದು ಹಾಡಿದ ಹಾಡು. ರಾತ್ರಿ ಪಾಳಿ, ಕಾರ್ಖಾನೆ, ಕುಡಿತ, ಬೇಸರ ಇವನ್ನು ಕುರಿತು ಕಿವಿಗಡಚಿಕ್ಕುವಂತೆ ಹಾಡುವ ಹುಡುಗರು ಇದ್ದಕ್ಕಿದ್ದಂತೆ ಅಬ್ಬರವನ್ನು ಬದಿಗಿಟ್ಟು ಆ ಗೀತೆಯನ್ನು ಹಾಡುತ್ತಾರೆ. 54 ವರ್ಷಗಳ ಅಂತರ ಅಲ್ಲಿ ಅಳಿಸಿಹೋಗುತ್ತದೆ. ಮುಂದೆ 1995ರಲ್ಲಿ ಇದೇ ಹೆಸರಿನ ಪತ್ರಿಕೆಯೂ ಹುಟ್ಟಿತು. ಈ ಬಗೆಯ ಸಂಗೀತಕ್ಕೇ ಅದು ಅಡ್ಡಹೆಸರಾಯಿತು. ಅದೇ ತಂಡ 1992ರ ಮಾರ್ಚಿನಲ್ಲಿ ಐದೇ ದಿನಗಳಲ್ಲಿ ಇನ್ನೊಂದು ಸಂಪುಟವನ್ನು ಮುದ್ರಿಸಿ ಆ ದಿನಾಂಕಗಳನ್ನೇ ಹೆಸರಾಗಿಟ್ಟಿತು. ಅದರಲ್ಲಿ ಅಬ್ಬರವೇ ಇಲ್ಲ. ಹಳೆಯ ಜನಪದ ಹಾಡುಗಳೂ ತಾವೇ ಕಟ್ಟಿದ ಹಾಡುಗಳೂ ಪಕ್ಕಪಕ್ಕದಲ್ಲಿವೆ. ಇದು ಹಳೆಯದು, ಇದು ಹೊಸದು ಎಂದು ಬೇರ್ಪಡಿಸಲು ಕಿವಿ ತಡವರಿಸುತ್ತದೆ.

ಸಾಹಿತ್ಯಪ್ರಿಯರು ತಪ್ಪದೆ ಕೇಳಬೇಕಾದದ್ದು ಲೂಸಿಂಡಾ ವಿಲಿಯಮ್ಸ್ ಅವರ ‘ಕಾರ್ ವೀಲ್ಸ್ ಆನ್ ಎ ಗ್ರ್ಯಾವಲ್ ರೋಡ್’. ಜಲ್ಲಿ ರಸ್ತೆಯ ಮೇಲೆ ಕಾರಿನ ಚಕ್ರಗಳು ಎಂದು ಅರ್ಥ. ಮುದ್ರಿಸುವುದು, ಮನಸ್ಸಿಗೆ ಒಪ್ಪದೆ ಬದಿಗಿಡುವುದು, ಇನ್ನೊಂದು ಊರಿನಲ್ಲಿ ಮತ್ತೆ ಮುದ್ರಿಸುವುದು ಹೀಗೆ ವರ್ಷಗಟ್ಟಲೆ ನಡೆದು ಅದು ಹೊರಬಂದದ್ದು 1998ರಲ್ಲಿ. ಇವರ ತಂದೆ ಮಿಲರ್ ವಿಲಿಯಮ್ಸ್ ಹೆಸರಾಂತ ಕವಿ, ಅಧ್ಯಾಪಕ. ಕೆಲಸದ ನಿಮಿತ್ತ ಊರಿಂದೂರಿಗೆ ಸಂಸಾರವನ್ನು ಸಾಗಿಸಿದವರು. ಹಾಡುಗಳ ತುಂಬ ದಕ್ಷಿಣದ ಊರುಗಳ ಹೆಸರುಗಳಿವೆ. ಹೆಸರಿನ ಹಾಡಿನಲ್ಲಿ ಮನೆಯ ಸದ್ದುಗಳೂ ಕಾರಿನ ಕಿಟಕಿಯಾಚೆ ಸರಿದುಹೋಗುವ ನೋಟಗಳೂ ಇವೆ. ಹಿಂದಿನ ಸೀಟಿನಲ್ಲಿ ಒಂದು ಮಗು ಕೂತಿದೆ. ದುಃಖವಾಯಿತೆಂದು ಎಲ್ಲಿಯೂ ವಿವರಿಸುವುದಿಲ್ಲ. ಈ ಹಾಡನ್ನು ಮೊದಲು ಕೇಳಿದಾಗ ತಂದೆ ತಮ್ಮ ಬಳಿಗೆ ಬಂದು ಕ್ಷಮೆ ಕೇಳಿದರೆಂದೂ, ಆ ಮಗು ತಾನೇ ಎಂಬುದು ಆಗಲೇ ತಮಗೆ ಹೊಳೆದದ್ದೆಂದೂ ಲೂಸಿಂಡಾ ಹೇಳಿಕೊಂಡಿದ್ದಾರೆ. ತನ್ನ ಹಾಡಿನ ಅರ್ಥಕ್ಕೂ ಕವಿ ಇನ್ನೊಬ್ಬರಿಗೆ ಋಣಿಯಾಗಬಹುದು! ಇದೇ ಸಂಪುಟದ ಇನ್ನೊಂದು ಹಾಡು ಬ್ಲೇಜ್ ಫೋಲಿ ಎಂಬ ಬಡ ಹಾಡುಗಾರನ ನೆನಪಿಗೆ ಕಟ್ಟಿದ್ದು. ಆತ 1989ರಲ್ಲಿ ಗುಂಡೇಟಿಗೆ ಬಲಿಯಾದವನು. ಜಗತ್ತು ಅರಿಯದೆ ಹೋದವನಿಗೆ ಇಲ್ಲಿ ಒಂದು ನೆಲೆ ದೊರಕಿತು.

ಕೊನೆಯದಾಗಿ ಗಿಲಿಯನ್ ವೆಲ್ಚ್. ನ್ಯೂಯಾರ್ಕಿನಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ಬೆಳೆದವರು. ಸಾಕಿದ ತಂದೆತಾಯಿ ದೂರದರ್ಶನದ ವಿನೋದ ಕಾರ್ಯಕ್ರಮಕ್ಕೆ ಹಾಡು ಬರೆಯುತ್ತಿದ್ದವರು. ಹೀಗಿರುತ್ತ 1996ರ ‘ರಿವೈವಲ್’ ಸಂಪುಟದಲ್ಲಿ ಬೆಟ್ಟದ ಬಡವರ ದನಿಯಲ್ಲಿ ಹಾಡಿದಾಗ, ಈಕೆಗೆ ಈ ಹಾಡಿನ ಮೇಲೆ ಏನು ಹಕ್ಕು ಎಂದು ಕೆಲವು ವಿಮರ್ಶಕರು ಕೇಳಿದರು. ಪ್ರಶ್ನೆ ಸಣ್ಣದಲ್ಲ. ರಿಡಲ್ ಅವರ ಕಥೆಯನ್ನು ಕೇಳಿದ ನಾವು ಅದನ್ನು ತಳ್ಳಿಹಾಕಲಾರೆವು. ವೆಲ್ಚ್ ಹುಟ್ಟಿದೊಡನೆ ದತ್ತು ಹೋದವರು. ದತ್ತು ಮಗುವಿಗೆ ಮನೆತನದ ಆಸ್ತಿಯೂ ಬರುತ್ತದೆ, ಸಾಲವೂ ಬರುತ್ತದೆ. ಪರಂಪರೆಯ ವಿಷಯದಲ್ಲಿಯೂ ಹಾಗೆಯೇ ಎಂದು ನನಗೆ ತೋರುತ್ತದೆ: ಆಸ್ತಿಯನ್ನು ಮಾತ್ರ ತೆಗೆದುಕೊಂಡು ಸಾಲವನ್ನು ಮರೆತವನು ಆ ಮನೆಯವನಲ್ಲ. ಅವರ 2001ರ ‘ಟೈಮ್ (ದಿ ರೆವಲೇಟರ್)’ ಕೇಳಿದರೆ ಹಕ್ಕಿನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಎರಡು ಕಂಠ, ಎರಡು ವಾದ್ಯ, ಅಷ್ಟೇ. ಜೊತೆಗಾರ ಡೇವಿಡ್ ರಾಲಿಂಗ್ಸ್ ನುಡಿಸುವುದು 1935ರಲ್ಲಿ ತಯಾರಾದ ಗಿಟಾರು. ಕೊನೆಯ ಹಾಡು ಸುಮಾರು ಹದಿನೈದು ನಿಮಿಷ ವಿಲಂಬದಲ್ಲಿ ಸಾಗುತ್ತದೆ. ಅವಸರವಿರುವವರು ಅದರ ಹತ್ತಿರ ಸುಳಿಯಬಾರದು.

ಅದರಲ್ಲಿಯೇ ‘ಎವೆರಿಥಿಂಗ್ ಈಸ್ ಫ್ರೀ’ ಎಂಬ ಹಾಡಿದೆ. ಹಾಡುಗಳನ್ನು ಅಂತರಜಾಲದಿಂದ ಕಾಸು ಕೊಡದೆ ಇಳಿಸಿಕೊಳ್ಳುವ ರೂಢಿ ಆಗತಾನೇ ಹರಡುತ್ತಿತ್ತು. ಕೇಳುಗರು ಬೆಲೆ ಕೊಡದಿದ್ದರೂ ಹಾಡುವವರು ಹಾಡದೆ ಇರಲಾರರು. ಇದನ್ನು ತಿಳಿದೇ ಲೋಕ ಅವರನ್ನು ಸುಲಿಯುತ್ತದೆ ಎಂಬ ನೋವು ಆ ಹಾಡಿನಲ್ಲಿದೆ. ಕೋಪವಿಲ್ಲದ ಮೆಲುದನಿಯಾದ್ದರಿಂದಲೇ ಅದು ನಾಟುತ್ತದೆ. ಇಂದು ಅಂಗೈಯ ಫೋನಿನಲ್ಲಿ ಲೋಕದ ಹಾಡೆಲ್ಲ ದೊರೆಯುತ್ತದೆ. ಆದರೆ ಎಲ್.ಪಿ.ಯ ಹೊದಿಕೆಯ ಬೆನ್ನಿನಲ್ಲಿ ಪಿಟೀಲು ಯಾರು, ಗಿಟಾರು ಯಾರು ಎಂದು ಓದುತ್ತ ಕೇಳುತ್ತಿದ್ದ ಅಭ್ಯಾಸ ತಪ್ಪುತ್ತಿದೆ. ಒಂದು ಕಾಲದಲ್ಲಿ ರಿಡಲ್ ಅವರ ಹೆಸರೊಂದು ಮರೆಯಾಯಿತು. ಈಗ ಎಲ್ಲರ ಹೆಸರೂ ಮರೆಯಾಗುವ ಕಾಲ.

ಮೇಬೆಲ್ ಕಾರ್ಟರ್ ಆ ತರುಣರೊಡನೆ ಕೂತು ಹಾಡಿದ ವುಡ್‌ಲ್ಯಾಂಡ್ ಸ್ಟುಡಿಯೋ ಮುಂದೆ ವೆಲ್ಚ್ ಮತ್ತು ರಾಲಿಂಗ್ಸ್ ಅವರ ಸ್ವತ್ತಾಯಿತು. 2020ರ ಮಾರ್ಚಿನಲ್ಲಿ ಬಿರುಗಾಳಿ ಅದರ ಚಾವಣಿಯನ್ನು ಕಿತ್ತೊಗೆದಾಗ, ಮಳೆಯ ರಾತ್ರಿಯಲ್ಲಿ ಇಬ್ಬರೂ ಟೇಪುಗಳನ್ನು, ವಾದ್ಯಗಳನ್ನು ಹೊತ್ತು ಉಳಿಸಿಕೊಂಡರು. ಕಟ್ಟಡವನ್ನು ದುರಸ್ತಿ ಮಾಡಿ, 2024ರಲ್ಲಿ ‘ವುಡ್‌ಲ್ಯಾಂಡ್’ ಎಂಬ ಸಂಪುಟವನ್ನೇ ಹೊರತಂದರು.

ಋಷಿಋಣವನ್ನು ತೀರಿಸುವ ದಾರಿ ಅಧ್ಯಯನವೆಂದು ನಮ್ಮ ಹಿರಿಯರು ಹೇಳಿದರು. ಕೊಟ್ಟವರಿಗೆ ಹಿಂದಿರುಗಿಸಲಾಗದ ಸಾಲವದು; ಕಲಿತು, ಮುಂದಿನವರಿಗೆ ಕಲಿಸಿಯೇ ತೀರಿಸಬೇಕು. ಹಾಡಿನ ಋಣವೂ ಅಂಥದೇ. ಹಾಡುವವರು ಮತ್ತೆ ಹಾಡಿ ತೀರಿಸುತ್ತಾರೆ. ಕೇಳುವವರಾದ ನಾವು ಮಾಡಬಹುದಾದದ್ದು ಸ್ವಲ್ಪವೇ: ಬೆಲೆ ತೆತ್ತು ಕೇಳುವುದು, ನುಡಿಸಿದವರ ಹೆಸರನ್ನು ತಿಳಿದುಕೊಳ್ಳುವುದು, ಇನ್ನೊಬ್ಬರಿಗೆ ಕೇಳಿಸುವಾಗ ಆ ಹೆಸರನ್ನು ಬಿಡದೆ ಹೇಳುವುದು. ಲೆಸ್ಲಿ ರಿಡಲ್ ಎಂಬ ಹೆಸರನ್ನು ಈ ಹೊತ್ತು ನಿಮ್ಮಲ್ಲಿ ಕೆಲವರಾದರೂ ನೆನಪಿನಲ್ಲಿಟ್ಟುಕೊಂಡರೆ ನನ್ನ ಪಾಲಿನ ಸಾಲದಲ್ಲಿ ಒಂದು ಕಾಸಾದರೂ ಸಂದಂತಾಯಿತು.

(ಬಾನುಲಿ ಭಾಷಣ)