ಅಳಿಯನ ಸೊಂಟದ ರಿವಾಲ್ವರು

ಮಲೆನಾಡಿನ ಮನೆಗಳಿಗೆ ಕೋವಿ ಹೊಸದಲ್ಲ. ನಡುಮನೆಯ ಗೋಡೆಗೆ ತೂಗುಹಾಕಿದ ಕೋವಿಯನ್ನು ನೋಡುತ್ತಲೇ ಬೆಳೆದವರು ನಮ್ಮ ಕಾಲೇಜಿನಲ್ಲಿಯೂ ಅನೇಕರಿದ್ದೀರಿ. ನೆರೆಯ ಕೊಡಗಿನಲ್ಲಂತೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದಲೇ ವಿನಾಯಿತಿ ಉಂಟು. 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ ಗೋಡೆಯ ಮೇಲಿನ ಕೋವಿ ಬಂದವರಿಗೆಲ್ಲ ಕಾಣುತ್ತದೆ. ಅಂಗಿಯ ಕೆಳಗೆ ಅಡಗಿಸಿಕೊಂಡು ತಿರುಗುವ ರಿವಾಲ್ವರಿನ ಮಾತೇ ಬೇರೆ. ಈ ವಿಚಾರ ನನ್ನ ತಲೆಗೆ ಹತ್ತಿದ್ದು ಅಕ್ಕನ ಮಗನ ದೆಸೆಯಿಂದ.

ಭಾವನವರು ತೀರಿಕೊಂಡ ಮೇಲೆ ಕಾಫಿ ತೋಟದ ಹೊಣೆ ಆ ಹುಡುಗನ ಮೇಲೆ ಬಿತ್ತು. ವಾರಕ್ಕೊಮ್ಮೆ ಬಟವಾಡೆಯ ಹಣವನ್ನು ಪೇಟೆಯಿಂದ ತರಬೇಕು, ದಾರಿಯುದ್ದಕ್ಕೂ ಕಾಡು. ತಂದೆಯ ರಿವಾಲ್ವರಿಗೆ ತನ್ನ ಹೆಸರಿನಲ್ಲಿ ಪರವಾನಗಿ ಮಾಡಿಸಿಕೊಂಡು, ನನಗೆ ತೋರಿಸಲೆಂದು ಹೊರತೆಗೆದ.

"ಗುಂಡು ತುಂಬಿದೆಯೇನಯ್ಯಾ?" ಎಂದೆ.

"ಇಲ್ಲ ಮಾವ, ನಿನ್ನೆಯೇ ತೆಗೆದಿಟ್ಟೆ."

ಉರುಳೆಯನ್ನು ತೆರೆದು ನೋಡಿದರೆ ಒಂದು ಉಳಿದಿತ್ತು. ಅಷ್ಟು ಹೊತ್ತೂ ಅದರ ಬಾಯಿ ಅಡಿಗೆಮನೆಯ ಕಡೆಗಿತ್ತು. ಅಲ್ಲಿ ಅಕ್ಕ ಕಾಫಿ ಸೋಸುತ್ತಿದ್ದಳು.

ಹುಡುಗನ ಮುಖ ಬಿಳುಪೇರಿತು. ನನ್ನದೂ ಏರಿದ್ದಿರಬೇಕು. ಅಂದು ನಾನು ಹೇಳಿದ ಮೊದಲನೆಯ ಮಾತು ಇಷ್ಟೆ: ಕೈಗೆ ಬಂದ ಆಯುಧವೆಲ್ಲ ಗುಂಡು ತುಂಬಿದ್ದೇ ಎಂದು ತಿಳಿ, ನೆನಪನ್ನು ನಂಬಬೇಡ, ತೆರೆದು ಕಣ್ಣಿನಿಂದ ನೋಡು, ಹೊಡೆಯಬಾರದ ಕಡೆಗೆ ಅದರ ಬಾಯನ್ನು ತಿರುಗಿಸಲೇ ಬೇಡ, ಬೆರಳು ಟ್ರಿಗರಿನಿಂದ ದೂರವಿರಲಿ.

ಉಳಿದದ್ದನ್ನು ರಾಜ್ಯಶಾಸ್ತ್ರದ ಮೇಷ್ಟ್ರಾಗಿ ಹೇಳಿದೆ. 1959ರ ಆಯುಧ ಕಾಯಿದೆಯ ಪ್ರಕಾರ ಇಪ್ಪತ್ತೊಂದು ತುಂಬದವನಿಗೆ ಬಂದೂಕಿನ ಪರವಾನಗಿ ಸಿಕ್ಕುವುದಿಲ್ಲ. ಅವನಿಗೆ ಇಪ್ಪತ್ತನಾಲ್ಕು, ಆ ಮಾತು ಬಿಡೋಣ. 2016ರ ಆಯುಧ ನಿಯಮಗಳಲ್ಲಿ ಇನ್ನೊಂದು ಮಾತಿದೆ, ಅದನ್ನು ಓದಿದವರು ಕಡಿಮೆ. ಸಾರ್ವಜನಿಕ ಸ್ಥಳದಲ್ಲಿ ಪಿಸ್ತೂಲು, ರಿವಾಲ್ವರುಗಳನ್ನು ಒಯ್ಯುವವನು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿಟ್ಟು, ತನ್ನ ಹಿಡಿತದಲ್ಲಿಯೇ ಇರಿಸಿಕೊಳ್ಳತಕ್ಕದ್ದು, ಝಳಪಿಸುವುದಕ್ಕೆ ನಿಷೇಧವಿದೆ. ಅಂದರೆ ಮರೆಮಾಡುವುದು ಇಟ್ಟುಕೊಂಡವನ ಠೀವಿಯಲ್ಲ, ಅವನ ಕರ್ತವ್ಯ. ಅಂಗಿ ಸರಿಸಿ ನಾಲ್ಕು ಜನಕ್ಕೆ ಕಾಣಿಸುವುದೂ, ಕಾರಿನ ಸೀಟಿನ ಮೇಲೆ ಬಿಟ್ಟು ಕಾಫಿ ಕುಡಿಯಲು ಇಳಿಯುವುದೂ ಒಂದೇ ಬಗೆಯ ಹೊಣೆಗೇಡಿತನ.

"ಯಾರಾದರೂ ಹಣ ಕಿತ್ತುಕೊಂಡು ಓಡಿದರೆ?" ಎಂದು ಕೇಳಿದ. ಈ ಪ್ರಶ್ನೆ ಬರುವುದೆಂದು ನನಗೆ ಗೊತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಹಿಂದಿನ ದಂಡ ಸಂಹಿತೆಯಲ್ಲಿದ್ದಂತೆಯೇ, ಆತ್ಮರಕ್ಷಣೆಯ ಹಕ್ಕು ಇದೆ. ಪ್ರಾಣ ಹೋಗುತ್ತದೆಂಬ ನ್ಯಾಯವಾದ ಭಯವಿದ್ದಾಗ ಅದು ಎದುರಾಳಿಯ ಪ್ರಾಣದವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಹೆಚ್ಚಿನ ಕೇಡು ಮಾಡುವಂತಿಲ್ಲ. ಪೋಲೀಸರ ಮೊರೆಹೋಗಲು ವೇಳೆಯಿದ್ದರೆ ಆ ಹಕ್ಕೇ ಇಲ್ಲ. ಅವನು ಬೆನ್ನು ತಿರುಗಿಸಿ ಓಡುತ್ತಿದ್ದಾನೆ, ನಿನ್ನ ಜೀವಕ್ಕೆ ಇದ್ದ ಭಯ ತೀರಿದೆ. ಆಮೇಲೆ ಬೆನ್ನಿಗೆ ಹಾರಿಸಿದ ಗುಂಡಿಗೆ ಕೋರ್ಟಿನಲ್ಲಿ ನೀನೇ ಉತ್ತರ ಹೇಳಬೇಕು. ಹೋದದ್ದು ಒಂದು ವಾರದ ಬಟವಾಡೆ. ಅದಕ್ಕಾಗಿ ಒಬ್ಬನನ್ನು ಕೊಲ್ಲುತ್ತೀಯೇನು? ಹುಡುಗ ಸುಮ್ಮನಾದ.

ಅಷ್ಟಕ್ಕೇ ಮುಗಿಯಿತೆಂದುಕೊಂಡಿದ್ದೆ. ಆ ವರ್ಷದ ಜಾತ್ರೆಯಲ್ಲಿ ಕಾರು ನಿಲ್ಲಿಸುವ ಜಾಗಕ್ಕಾಗಿ ಒಬ್ಬ ಇವನನ್ನು ಬಾಯಿಗೆ ಬಂದಂತೆ ಬೈದ. ಅಳಿಯನ ಬಲಗೈ ಮೆಲ್ಲನೆ ಸೊಂಟದ ಕಡೆಗೆ ಹೋದುದನ್ನು ನಾನು ಕಂಡೆ. ಆತ ಅದನ್ನು ಹೊರತೆಗೆಯಲಿಲ್ಲ, ನಿಜ. ಮುಟ್ಟಿ ನೋಡಿಕೊಂಡನಷ್ಟೆ. ನನಗೆ ಅಷ್ಟೇ ಸಾಕಾಯಿತು. ಬರಿಗೈಯವನು ನಾಲ್ಕು ಮಾತು ಆಡಿ, ನಾಲ್ಕು ಏಟು ತಿಂದು ಮನೆಗೆ ಬರಬಹುದು. ರಿವಾಲ್ವರು ಇರುವವನಿಗೆ ಆ ಸ್ವಾತಂತ್ರ್ಯವಿಲ್ಲ. ಜಗಳ ಕೈಗೆ ಹತ್ತಿದರೆ ಆಯುಧವೂ ಅದರೊಳಗೆ ಬಂದೇ ಬರುತ್ತದೆ. ಎದುರಿನವನು ಅದನ್ನು ಕಸಿದುಕೊಳ್ಳಲೂಬಹುದು. ಆದ್ದರಿಂದ ಬೈಸಿಕೊಳ್ಳಬೇಕು, ಜಾಗ ಬಿಟ್ಟುಕೊಡಬೇಕು, ಹೇಡಿ ಎನ್ನಿಸಿಕೊಂಡರೂ ಕಾರು ಹಿಂದೆ ತೆಗೆಯಬೇಕು. "ಸೊಂಟದಲ್ಲಿ ಅದಿರುವ ದಿನ ಪ್ರತಿಯೊಂದು ಜಗಳದಲ್ಲಿಯೂ ಸೋಲಬೇಕಪ್ಪ. ಸೋಲಲಾರೆ ಎನ್ನುವ ದಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಾ," ಎಂದೆ. ಕುಡಿಯುವ ದಿನದ ಮಾತನ್ನಂತೂ ಅಕ್ಕನ ಎದುರಿಗೇ ಹೇಳಿದೆ. ಬೀಗದ ಕೈ ಅವಳ ಸೆರಗಿಗೆ ಹೋಯಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಗುಂಡುಗಳು ಬೇರೆ ಕಪಾಟಿನಲ್ಲಿರಲಿ ಎಂಬುದು ಅವಳದೇ ಸೂಚನೆ.

ಈಗ ತೋಟದ ಆಳುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೂಲಿ ಬ್ಯಾಂಕಿನ ಖಾತೆಗೇ ಹೋಗುತ್ತದೆ. ಹಣ ಹೊರುವುದು ತಗ್ಗಿದಷ್ಟೂ ರಿವಾಲ್ವರು ಹೊರುವುದೂ ತಗ್ಗಿದೆ. ಕಳೆದ ಚುನಾವಣೆಯಲ್ಲಿ ಠಾಣೆಗೆ ಒಪ್ಪಿಸಿದ್ದನ್ನು ಮರಳಿ ತರಲು ಅವನು ಅವಸರಪಡಲಿಲ್ಲ. ಮೊನ್ನೆ ಮಾತ್ರ ಫೋನು ಮಾಡಿದ್ದ: "ಮಾವ, ಗೆಳೆಯನ ಮದುವೆ. ಒಂದೆರಡು ಗುಂಡು ಮೇಲಕ್ಕೆ ಹಾರಿಸೆಂದು ಹುಡುಗರು ಹೇಳುತ್ತಿದ್ದಾರೆ."

2019ರ ತಿದ್ದುಪಡಿಯಂತೆ ಸಂಭ್ರಮಕ್ಕೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು ಎಂದೆ. ಮೇಲಕ್ಕೆ ಹೋದ ಗುಂಡು ಎಲ್ಲಿಯಾದರೂ ಕೆಳಗೆ ಬೀಳಲೇಬೇಕಷ್ಟೆ ಎಂದೂ ಸೇರಿಸಿದೆ.

"ಹಾಗಾದರೆ ಪಟಾಕಿ ಕೊಂಡೊಯ್ಯುತ್ತೇನೆ ಮಾವ," ಎಂದ.