ಹಂಚಿನ ಒಳಮೈಯಲ್ಲಿ ಪೇಟೆಯ ಚರಿತ್ರೆ

ಮಕ್ಕಳೇ, ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆ ಹಳೇ ಅಂಗಡಿಯೋ ಶಾಲೆಯೋ ಇದ್ದರೆ ಒಳಗೆ ನಿಂತು ಮೇಲೆ ನೋಡಿ. ಹಲವು ಹಂಚುಗಳ ಒಳಮೈಯಲ್ಲಿ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಇಸವಿಯೂ ಅಚ್ಚಾಗಿರುತ್ತದೆ.

ಇದು ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಅಲ್ಲೇ ಯಾಕೆ? ನೇತ್ರಾವತಿ ಬದಿಯಲ್ಲಿ ಒಳ್ಳೆ ಆವೆಮಣ್ಣು ಇತ್ತು. ಸುಡಲು ಕಟ್ಟಿಗೆ ಇತ್ತು. ಸಾಗಿಸಲು ದೋಣಿ, ಹಡಗು ಇದ್ದವು. ಆಗ ಕಾಸರಗೋಡು, ಮಂಗಳೂರು ಎರಡೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದವು. 1956ರಲ್ಲಿ ರಾಜ್ಯದ ಗಡಿ ಬದಲಾಯಿತು, ಮಾಡಿನ ಮೇಲಿನ ಹಂಚು ಬದಲಾಗಲಿಲ್ಲ.

ಹಂಚು ಕೆಂಪಗಿರುವುದು ಬಣ್ಣ ಬಳಿದದ್ದರಿಂದ ಅಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಬಿಸಿಗೆ ಆಮ್ಲಜನಕದ ಜೊತೆ ಸೇರಿ ಕೆಂಪು ಆಕ್ಸೈಡ್ ಆಗುತ್ತದೆ. ಸುಟ್ಟಾಗ ಮಣ್ಣಿನ ಕಣಗಳು ಒಂದಕ್ಕೊಂದು ಬೆಸೆಯುತ್ತವೆ, ಹಾಗಾಗಿ ಮಳೆಗೆ ಕರಗುವುದಿಲ್ಲ. ಒಂದು ಹಂಚಿನ ಏಣು ಪಕ್ಕದ್ದರ ಗಾಡಿಯಲ್ಲಿ ಕೂರುತ್ತದೆ, ನೀರು ಒಳಗೆ ಬಾರದೆ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಆದರೂ ಸಂದುಗಳಲ್ಲಿ ಗಾಳಿ ಆಡುತ್ತದೆ. ಬಿಸಿ ಗಾಳಿ ಹಗುರ, ಅದು ಮೇಲೇರಿ ಅಲ್ಲಿಂದಲೇ ಹೊರಗೆ ಹೋಗುತ್ತದೆ. ದಪ್ಪ ಕಾಂಕ್ರೀಟು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿ ಬಿಡುತ್ತದೆ.

ಹಾಗಿದ್ದರೆ ಜನ ಹಂಚು ಬಿಟ್ಟದ್ದು ಯಾಕೆ? ಅದಕ್ಕೂ ಕಾರಣ ಉಂಟು. ಪಕ್ಕಾಸು, ರೀಪಿಗೆ ಮರ ದುಬಾರಿಯಾಯಿತು, ಗೆದ್ದಲಿನ ಕಾಟ ಬೇರೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಸರಿಮಾಡಿಸಬೇಕು, ಆ ಕೆಲಸ ಬಲ್ಲವರು ಕಡಿಮೆಯಾದರು. ಪೇಟೆಯಲ್ಲಿ ಜಾಗಕ್ಕೆ ಬೆಲೆ ಏರಿದಾಗ ಮಾಳಿಗೆಯ ಮೇಲೆ ಮಾಳಿಗೆ ಬೇಕಾಯಿತು. ಕೊಳ್ಳುವವರು ಕಡಿಮೆಯಾಗಿ, ಮಣ್ಣು ಕಟ್ಟಿಗೆ ಸಿಗುವುದು ಕಷ್ಟವಾಗಿ, ಹಲವು ಕಾರ್ಖಾನೆಗಳು ಮುಚ್ಚಿದವು.

ಹಳೇ ಕಟ್ಟಡವನ್ನೆಲ್ಲ ಉಳಿಸಿಕೊಳ್ಳಲು ಆಗಲಿಕ್ಕಿಲ್ಲ. ಆದರೆ ಅದು ಬಿದ್ದರೆ ಮಣ್ಣು ಎಲ್ಲಿಂದ ಬಂತು, ವ್ಯಾಪಾರ ಯಾರ ಜೊತೆ ಇತ್ತು, ಮಳೆ ಸೆಕೆಗೆ ಹಿರಿಯರು ಕಂಡುಕೊಂಡ ಉಪಾಯ ಏನು ಎಂಬುದಕ್ಕೆ ಇದ್ದ ಸಾಕ್ಷಿಯೂ ಹೋಗುತ್ತದೆ. ಆದ್ದರಿಂದ ಕೆಡವುವ ಮುಂಚೆ ಬರೆದಿಡಿ.

ನೀವು ಮಾಡಿ ನೋಡಿ:

1. ಹಂಚಿನ ಮೇಲಿನ ಹೆಸರು, ಇಸವಿ ಬರೆದುಕೊಳ್ಳಿ. ಮಾಡು ಹತ್ತಬೇಡಿ, ಕೆಳಗಿಳಿಸಿದ ಹಂಚು ಸಾಕು. ಒಂದು ಎಚ್ಚರ: 1865 ಅಂತ ಇದ್ದರೆ ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಮಾಡಿದ ವರ್ಷ ಅಲ್ಲ. ಕಟ್ಟಡದ ವಯಸ್ಸು ತಿಳಿಯಲು ಹಿರಿಯರನ್ನು ಕೇಳಿ, ದಾಖಲೆ ನೋಡಿ.

2. ಒಣಗಿದ ಹಂಚನ್ನು ತೂಗಿ, ಒಂದು ದಿನ ನೀರಲ್ಲಿಟ್ಟು, ಮೈ ಒರೆಸಿ ಮತ್ತೆ ತೂಗಿ. 2500 ಗ್ರಾಂ ಇದ್ದದ್ದು 2800 ಆದರೆ ಹೀರಿದ ನೀರು 300 ಗ್ರಾಂ, ಅಂದರೆ ಶೇಕಡಾ 12. ಬೇರೆ ಬೇರೆ ಕಾರ್ಖಾನೆಯ ಹಂಚುಗಳನ್ನು ಹೀಗೆ ಹೋಲಿಸಿ. ಕಡಿಮೆ ನೀರು ಹೀರಿದ್ದು ಯಾವುದು? ಯಾಕಿರಬಹುದು? ತರಗತಿಯಲ್ಲಿ ಚರ್ಚಿಸಿ.